‘ನಾನು ನೋಡಲ್ಲಪ್ಪ, ಮನೇಲಿ ಹಾಕಿರ್ತಾರೆ’: ಸೀರಿಯಲ್ ನೋಡೋಕೆ ಯಾಕಿಷ್ಟು ಸಂಕೋಚ?

ಬಿಗ್ ಬಾಸ್ ಮಾತು ತೆಗೆದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಉತ್ತರ. ‘ನಾನು ನೋಡಲ್ಲಪ್ಪ, ಮನೇಲಿ ಹಾಕಿರ್ತಾರೆ, ಕಿವಿಗೆ ಬೀಳುತ್ತೆ ಅಷ್ಟೆ.’ ಹೀಗಂದವರೇ ಮುಂದಿನ ಐದು ನಿಮಿಷ ನಿನ್ನೆ ಯಾರು ಯಾರ ಮೇಲೆ ರೇಗಿದರು, ಶನಿವಾರ ಸುದೀಪ್ ಯಾರಿಗೆ ಕ್ಲಾಸ್ ತಗೊಂಡರು, ಈ ವಾರ ನಿಜಕ್ಕೂ ಮನೆಗೆ ಹೋಗಬೇಕಿದ್ದವರು ಯಾರು ಅಂತ ಬಿಡಿಸಿ ಬಿಡಿಸಿ ಹೇಳುತ್ತಾರೆ. ಸೀರಿಯಲ್ ವಿಷಯವೂ ಇದೇ. ‘ಅಮ್ಮ ನೋಡ್ತಾರೆ.’ ‘ಊರಿಂದ ಅತ್ತೆ ಬಂದಿದ್ರು, ಅದಕ್ಕೇ ಹಾಕಿದ್ದು.’ ‘ಊಟ ಮಾಡ್ತಾ ಸುಮ್ನೆ ಕಣ್ಣಾಡಿಸಿದೆ.’ ನೋಡಿದ ತಪ್ಪನ್ನು ಮನೆಯಲ್ಲಿ ಯಾರಾದರೊಬ್ಬರ ತಲೆಗೆ ಕಟ್ಟಲೇಬೇಕು.

ನೋಡುವವರು ನಾಲ್ಕು ಜನ ಆಗಿದ್ದರೆ ಇದು ಮಾತಾಡುವಂಥ ವಿಷಯ ಆಗುತ್ತಿರಲಿಲ್ಲ. ಆದರೆ ಕನ್ನಡದಲ್ಲಿ ದಿನಾ ಸಂಜೆ ಕಥೆ ಹೇಳುವುದು, ದಿನಾ ಲಕ್ಷಗಟ್ಟಲೆ ಮನೆಗಳ ಒಳಗೆ ಹೋಗಿ ಕೂರುವುದು ಸೀರಿಯಲ್. ಒಂದು ಒಳ್ಳೆಯ ಸಿನಿಮಾ ವಾರಕ್ಕೆ ಚಿತ್ರಮಂದಿರ ಬಿಟ್ಟು ಹೋಗುತ್ತದೆ. ಒಂದು ಸೀರಿಯಲ್ ಮೂರು ನಾಲ್ಕು ವರ್ಷ ಒಂದು ಮನೆಯ ರಾತ್ರಿ ಊಟದ ಹೊತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಇಷ್ಟು ಜನ, ಇಷ್ಟು ಪ್ರೀತಿಯಿಂದ ನೋಡುವ ಒಂದು ವಸ್ತುವನ್ನು ನೋಡುವವರೇ ಒಪ್ಪಿಕೊಳ್ಳಲು ಹಿಂಜರಿಯುತ್ತಾರೆ ಅಂದರೆ ಯಾಕೆ ಅಂತ ಕೇಳಲೇಬೇಕು.

ನನ್ನ ಉತ್ತರ ಇದು. ಈ ಸಂಕೋಚದ ಬೇರು ಇರುವುದು ಸೀರಿಯಲ್ ಎಷ್ಟು ಚೆನ್ನಾಗಿದೆ, ಎಷ್ಟು ಕೆಟ್ಟದಾಗಿದೆ ಎಂಬುದರಲ್ಲಲ್ಲ. ಅದನ್ನು ಯಾರು ನೋಡುತ್ತಾರೆ ಎಂಬುದರಲ್ಲಿ. ಮತ್ತು ನೋಡುವವರು ಹೀಗೆ ಸಂಕೋಚಪಡುತ್ತಾ ಇರುವಷ್ಟು ದಿನ ಚಾನೆಲ್‌ಗಳಿಗೆ ಹೇಳೋರು ಕೇಳೋರು ಯಾರೂ ಇರುವುದಿಲ್ಲ.

ಐಪಿಎಲ್ ಮುಂದಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. 2025ರ ಸೀಸನ್‌ಗೆ ನಿಗದಿಯಾಗಿದ್ದು 74 ಪಂದ್ಯ. ಒಂದೊಂದು ಪಂದ್ಯವೂ ಮೂರೂವರೆ ಗಂಟೆ ತಿನ್ನುತ್ತದೆ. ಎರಡು ತಿಂಗಳು ಮನೆಯ ಟಿವಿ ರಾತ್ರಿಯೆಲ್ಲಾ ಅದಕ್ಕೇ ಮೀಸಲು. ಅರ್ಧ ಗಂಟೆಯ ಸೀರಿಯಲ್ ಆರೇಳು ನೋಡುವಷ್ಟು ಹೊತ್ತು ಒಂದು ಮ್ಯಾಚಿಗೆ ಹೋಗುತ್ತದೆ. ಆಫೀಸಿನಲ್ಲಿ ‘ನಿನ್ನೆ ಮ್ಯಾಚ್ ನೋಡಿದ್ರಾ?’ ಅಂದರೆ ಯಾರಾದರೂ ‘ಇಲ್ಲಪ್ಪ, ಮನೇಲಿ ಹಾಕಿದ್ರು’ ಅಂತಾರಾ? ಎದೆ ತಟ್ಟಿಕೊಂಡು ಹೇಳುತ್ತಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಕಾಯ್ದೆ ತಂದು ನಿಷೇಧಿಸುವವರೆಗೆ ಓವರ್‌ಗಳ ನಡುವೆ ಎದ್ದು ಕಾಣುತ್ತಿದ್ದುದು ಅವುಗಳ ಜಾಹೀರಾತೇ. ಆದರೂ ‘ಐಪಿಎಲ್ ನೋಡಿ ಮನೆ ಹಾಳಾಗುತ್ತೆ’ ಅನ್ನೋ ಮಾತು ಎಷ್ಟು ಕೇಳಿದ್ದೀರಿ? ‘ಸೀರಿಯಲ್ ನೋಡಿ ಹೆಂಗಸರು ಹಾಳಾಗ್ತಾರೆ’ ಅನ್ನೋದನ್ನು ಎಷ್ಟು ಕೇಳಿದ್ದೀರಿ?

ಮಾಸ್ ಸಿನಿಮಾ ಕೂಡ ಹಾಗೇ. ಹೀರೊ ಒಂದು ಏಟಿಗೆ ಹತ್ತು ಜನರನ್ನು ಗಾಳಿಗೆ ತೂರಿದರೆ ಶಿಳ್ಳೆ. ‘ಲಾಜಿಕ್ ಕೇಳ್ಬೇಡಿ, ಎಂಜಾಯ್ ಮಾಡಿ’ ಅಂತ ವಿಮರ್ಶಕರೇ ಬರೆಯುತ್ತಾರೆ. ಸೀರಿಯಲ್‌ನಲ್ಲಿ ಸತ್ತವಳು ಬೇರೆ ಮುಖ ಹೊತ್ತು ವಾಪಸ್ ಬಂದರೆ ಮಾತ್ರ ನಗುತ್ತಾರೆ. ಎರಡೂ ಉತ್ಪ್ರೇಕ್ಷೆಯೇ. ಒಂದರ ಮುಂದೆ ಗಂಡಸರು ಕೂತಿದ್ದಾರೆ, ಇನ್ನೊಂದರ ಮುಂದೆ ಹೆಂಗಸರು, ವಯಸ್ಸಾದವರು, ಕೆಲಸದ ಮನೆಯಿಂದ ಈಗ ತಾನೇ ಬಂದು ಕಾಲು ಚಾಚಿದವರು ಕೂತಿದ್ದಾರೆ.

ಕೆಲಸವಿಲ್ಲದವರು ಸೀರಿಯಲ್ ನೋಡುತ್ತಾರೆ ಅನ್ನೋದು ಇನ್ನೊಂದು ಮಾತು. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಅದೇ ಕೆಲಸದಲ್ಲಿ ಕೈ ಹಾಕುವ ಗಂಡಸರು 88 ನಿಮಿಷ. ಅಡುಗೆ, ಪಾತ್ರೆ, ಬಟ್ಟೆ, ಕಸ ಎಲ್ಲ ಸೇರಿ ಹೆಚ್ಚುಕಡಿಮೆ ಐದು ಗಂಟೆ. ಮಕ್ಕಳನ್ನು, ವಯಸ್ಸಾದವರನ್ನು ನೋಡಿಕೊಳ್ಳುವ ಹೊತ್ತು ಇದರಲ್ಲಿ ಸೇರಿಲ್ಲ. ಇಷ್ಟು ದುಡಿದವಳು ಅರ್ಧ ಗಂಟೆ ಕೂತಿದ್ದಕ್ಕೆ ಕಾರಣ ಕೊಡಬೇಕಾದ ಸ್ಥಿತಿ ನಮ್ಮದು.

ಸೀರಿಯಲ್ ಯಾಕೆ ಹಾಗಿರುತ್ತೆ?

‘ಎಳೀತಾರೆ’ ಅನ್ನೋದು ಸೀರಿಯಲ್ ಮೇಲಿನ ದೊಡ್ಡ ದೂರು. ಒಂದು ಮಾಮೂಲಿ ದೃಶ್ಯ ತೆಗೆದುಕೊಳ್ಳೋಣ. ಹಾಲ್‌ನಲ್ಲಿ ಇಡೀ ಕುಟುಂಬ ನಿಂತಿದೆ. ನಾದಿನಿಯ ಕೈಯಲ್ಲಿ ಆಸ್ಪತ್ರೆಯ ರಿಪೋರ್ಟ್. ‘ಈ ಮಗು ನಮ್ಮ ವಂಶದ್ದಲ್ಲ’ ಅನ್ನುತ್ತಾಳೆ. ದಢ್ ಅಂತ ಸದ್ದು. ಕ್ಯಾಮೆರಾ ಅತ್ತೆಯ ಮುಖಕ್ಕೆ ಹೋಗುತ್ತದೆ, ಮಾವನ ಮುಖಕ್ಕೆ, ಗಂಡನ ಮುಖಕ್ಕೆ, ಬಾಗಿಲ ಬಳಿ ನಿಂತ ಕೆಲಸದವಳ ಮುಖಕ್ಕೂ ಹೋಗುತ್ತದೆ. ಮತ್ತೆ ಅತ್ತೆಗೆ ಬರುತ್ತದೆ. ‘ಏನಂದೆ? ಈ ಮಗು ನಮ್ಮ ವಂಶದ್ದಲ್ವಾ?’ ಅಂತ ಅತ್ತೆ ಅದೇ ಮಾತನ್ನು ತಿರುಗಿಸಿ ಕೇಳುತ್ತಾರೆ. ಸೊಸೆ ಮನಸ್ಸಿನಲ್ಲೇ ‘ದೇವರೇ, ಈ ರಿಪೋರ್ಟ್ ಇವಳಿಗೆ ಹೇಗೆ ಸಿಕ್ತು’ ಅಂದುಕೊಳ್ಳುವುದು ನಮಗೆ ಜೋರಾಗಿ ಕೇಳಿಸುತ್ತದೆ. ಬ್ರೇಕ್. ಬ್ರೇಕ್ ಮುಗಿದ ಮೇಲೆ ಮೊದಲಿನ ಮಾತು ಇನ್ನೊಂದು ಸಲ.

ಸೋಫಾದಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುವವರಿಗೆ ಇದು ಹಿಂಸೆ. ಈಗ ಇದನ್ನೇ ಅಡುಗೆಮನೆಯಿಂದ ಕೇಳಿ. ಕುಕ್ಕರ್ ಕೂಗುವಾಗ ನಾದಿನಿಯ ಮಾತು ತಪ್ಪಿತು. ಅತ್ತೆ ತಿರುಗಿಸಿ ಕೇಳಿದಾಗ ಸಿಕ್ಕಿತು. ಕೈ ಚಪಾತಿ ಹಿಟ್ಟಿನಲ್ಲಿದೆ, ಪರದೆ ಕಾಣುತ್ತಿಲ್ಲ. ಆದರೆ ಆ ಸದ್ದಿಗೆ ಯಾರೋ ಏನೋ ಅನಾಹುತ ಮಾಡಿದರು ಅಂತ ಗೊತ್ತಾಯಿತು. ಸೊಸೆಯ ಮುಖ ನೋಡದೆಯೇ ಅವಳಿಗೆ ಭಯ ಆಗಿದೆ ಅಂತ ತಿಳಿಯಿತು, ಮನಸ್ಸಿನ ಮಾತು ಹೊರಗೇ ಕೇಳಿಸಿತಲ್ಲ. ಬ್ರೇಕ್‌ನಲ್ಲಿ ಅಡುಗೆಮನೆಯಲ್ಲಿದ್ದವಳು ತನ್ನ ಮಗುವಿಗೆ ಊಟ ಹಾಕಿ ಬಂದಳು. ಬ್ರೇಕ್ ಮೇಲೆ ಮತ್ತೆ ಅದೇ ಮಾತು, ಕಥೆ ತಪ್ಪಲಿಲ್ಲ. ವಿಲನ್‌ಗೆ ಒಂದು ಸಂಗೀತ, ದೇವರಂಥ ಸೊಸೆಗೆ ಇನ್ನೊಂದು. ಯಾರು ಬಂದರು ಅಂತ ಕಿವಿಯೇ ಹೇಳುತ್ತದೆ.

ಅಮೆರಿಕದ ಚಿಂತಕಿ ತಾನಿಯಾ ಮಾಡ್ಲೆಸ್ಕಿ 1980ರ ದಶಕದ ಶುರುವಿನಲ್ಲೇ ತಮ್ಮ ದೇಶದ ಹಗಲು ಹೊತ್ತಿನ ಸೀರಿಯಲ್‌ಗಳ ಬಗ್ಗೆ ಇದನ್ನು ಬರೆದಿದ್ದರು. ಮನೆಗೆಲಸ ಮಾಡುವವರ ಗಮನ ಮೇಲಿಂದ ಮೇಲೆ ತುಂಡಾಗುತ್ತಿರುತ್ತದೆ, ಸೀರಿಯಲ್‌ನ ಲಯ ಅದಕ್ಕೆ ಹೊಂದಿಕೊಂಡು ಬೆಳೆದಿದೆ ಅನ್ನೋದು ಅವರ ವಾದ. ಇದರ ಹಿಂದೆ ವ್ಯಾಪಾರವೂ ಇತ್ತು. 1930ರ ದಶಕದಲ್ಲಿ ಅಲ್ಲಿನ ರೇಡಿಯೊ ಧಾರಾವಾಹಿಗಳಿಗೆ ದುಡ್ಡು ಹಾಕಿದ್ದು ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನಂಥ ಸೋಪ್ ಕಂಪನಿಗಳು. ಮನೆಗೆ ಸೋಪು, ಪುಡಿ ಕೊಳ್ಳುವವಳು ಯಾವ ಹೊತ್ತಿಗೆ ಮನೆಯಲ್ಲಿ ಏನು ಮಾಡುತ್ತಿರುತ್ತಾಳೆ ಅನ್ನೋ ಲೆಕ್ಕ ಅವರಿಗೆ ಪಕ್ಕಾ ಇತ್ತು.

ಹಾಗಂತ ಎಳೆಯುವುದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಒಂದು ತಾಳಿ ಕಟ್ಟುವ ದೃಶ್ಯವನ್ನು ಎರಡು ವಾರ ತಳ್ಳುವುದು ಅಡುಗೆಮನೆಯಲ್ಲಿರುವವಳ ಅನುಕೂಲಕ್ಕಲ್ಲ. ಅದು ಬೇರೆಯದೇ ಲೆಕ್ಕ, ಅದಕ್ಕೆ ಮುಂದೆ ಬರುತ್ತೇನೆ. ಆದರೆ ಒಂದು ಕಲೆಯ ರೂಪವನ್ನು ಅದರ ಜಾಗದಲ್ಲಿಟ್ಟು ನೋಡದೆ ದಡ್ಡರದ್ದು ಅನ್ನುವುದು ತಪ್ಪು. ಇಡೀ ರಾತ್ರಿ ನಡೆಯುವ ಬಯಲಾಟದಲ್ಲೂ ಕಥೆ ನಿಂತು ನಿಂತು ಸಾಗುತ್ತದೆ. ಅಲ್ಲಿ ಅದನ್ನು ಎಳೆಯುವುದು ಅಂತ ಯಾರೂ ಅನ್ನುವುದಿಲ್ಲ.

ಮೊದಲು ಕಾದಂಬರಿ ಇತ್ತು

ಈ ಸಂಕೋಚ ಟಿವಿಯ ಜೊತೆ ಹುಟ್ಟಿದ್ದಲ್ಲ. ಟಿವಿ ಬರುವ ಮುಂಚೆ ಈ ಜಾಗದಲ್ಲಿ ಕಾದಂಬರಿ ಇತ್ತು. ವಾರಪತ್ರಿಕೆಯ ಧಾರಾವಾಹಿ ಓದಲು ಮನೆಯಲ್ಲಿ ಜಗಳ. ಓಣಿಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಪುಸ್ತಕ ಅಕ್ಕಿ ಡಬ್ಬದ ಹಿಂದೆ. ಹುಡುಗರು ಪತ್ತೇದಾರಿ ಕಾದಂಬರಿಯನ್ನು ಪಠ್ಯಪುಸ್ತಕದ ನಡುವೆ ಇಟ್ಟು ಓದುತ್ತಿದ್ದರು. ಹೆಚ್ಚು ಶಾಲೆ ಕಲಿಯದ ಎನ್. ನರಸಿಂಹಯ್ಯ ನೂರಾರು ಪತ್ತೇದಾರಿ ಕಾದಂಬರಿ ಬರೆದರು. ಕನ್ನಡ ಓದುವ ಹುಚ್ಚು ಹತ್ತಿದ್ದೇ ಅವರಿಂದ ಅನ್ನುವವರು ಇವತ್ತಿಗೂ ಇದ್ದಾರೆ. ಆಗ ಆ ಪುಸ್ತಕ ಕೈಯಲ್ಲಿ ಹಿಡಿದು ಸಿಕ್ಕಿಬಿದ್ದರೆ ಬೆನ್ನಿಗೆ ಏಟು ಬೀಳುತ್ತಿತ್ತು.

ಹೆಂಗಸರು ಬರೆದಿದ್ದಕ್ಕೆ, ಹೆಂಗಸರು ಓದಿದ್ದಕ್ಕೆ ಇನ್ನೂ ಕಟುವಾದ ಹೆಸರು ಸಿಕ್ಕಿತು. ‘ಅಡುಗೆಮನೆ ಸಾಹಿತ್ಯ’ ಅಂತ ಅದನ್ನು ಪಕ್ಕಕ್ಕೆ ಸರಿಸಿದರು. ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ಮಾನಸಿಕವಾಗಿ ಕುಸಿದ ಹೆಂಗಸನ್ನು ಗಂಡ, ಮನೆ, ನೆರೆಹೊರೆ ಹೇಗೆ ನೋಡುತ್ತವೆ ಅನ್ನೋದನ್ನು ‘ಶರಪಂಜರ’ದಲ್ಲಿ ಬರೆದರು. ಕಾಯಿಲೆ ವಾಸಿಯಾಗಿ ಮನೆಗೆ ಬಂದವಳನ್ನು ಮನೆಯವರ ಅನುಮಾನವೇ ಮತ್ತೆ ಕಾಯಿಲೆಗೆ ನೂಕುವ ಕಥೆ ಅದು. ತ್ರಿವೇಣಿ 1963ರಲ್ಲಿ ತೀರಿಕೊಂಡರು. 1970ರ ದಶಕದ ಶುರುವಿನಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು, ಊರಿಗೆ ಊರೇ ಹೋಗಿ ನೋಡಿತು. ಎಂ.ಕೆ. ಇಂದಿರಾ ಬರೆಯಲು ಕೂತಿದ್ದೇ ನಲವತ್ತು ದಾಟಿದ ಮೇಲೆ. ಬಾಲವಿಧವೆಯೊಬ್ಬಳ ಇಡೀ ಬದುಕನ್ನು ಹೇಳುವ ಅವರ ‘ಫಣಿಯಮ್ಮ’ ಬಂದಿದ್ದು 1976ರಲ್ಲಿ. 1983ರಲ್ಲಿ ಪ್ರೇಮಾ ಕಾರಂತ್ ಅದನ್ನು ಸಿನಿಮಾ ಮಾಡಿದರು. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು. ಇವತ್ತು ಇವರ ಬರಹದ ಮೇಲೆ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ನಡೆಯುತ್ತದೆ.

ಎಲ್ಲ ಸೀರಿಯಲ್‌ಗೂ ಹೀಗೆ ನಾಳೆ ಗೌರವ ಸಿಗುತ್ತದೆ ಅಂತ ನಾನು ನಂಬಿಲ್ಲ. ಆ ಕಾಲದ ನೂರಾರು ಕಾದಂಬರಿಗಳು ಸುಮ್ಮನೆ ಕಳೆದುಹೋದವು, ಕೆಲವು ಕಳೆದುಹೋಗಬೇಕಾಗಿದ್ದವೇ. ಆದರೆ ಒಳ್ಳೆಯದನ್ನು, ಕೆಟ್ಟದ್ದನ್ನು ಬೇರೆ ಮಾಡುವ ಕೆಲಸ ಆಗ ಹೆಚ್ಚಿನ ಮಟ್ಟಿಗೆ ನಡೆಯಲಿಲ್ಲ. ಎಲ್ಲಕ್ಕೂ ಒಂದೇ ಹೆಸರು ಅಂಟಿಸಿ ಕೈ ತೊಳೆದುಕೊಂಡರು. ಈಗ ಸೀರಿಯಲ್‌ಗೆ ಆಗುತ್ತಿರುವುದೂ ಅದೇ.

ನೆದರ್ಲೆಂಡ್ಸ್‌ನ 42 ಪತ್ರ

ಈ ಸಂಕೋಚವನ್ನು ತುಂಬ ಹತ್ತಿರದಿಂದ ನೋಡಿದವರಲ್ಲಿ ಮಾಧ್ಯಮ ಸಂಶೋಧಕಿ ಇಯನ್ ಆಂಗ್ ಒಬ್ಬರು. 1980ರ ದಶಕದ ಶುರು. ಅಮೆರಿಕದ ‘ಡಲ್ಲಾಸ್’ ಸೀರಿಯಲ್ ನೆದರ್ಲೆಂಡ್ಸ್‌ನಲ್ಲಿ ಮನೆ ಮನೆ ಮಾತಾಗಿತ್ತು. ಎಣ್ಣೆ ವ್ಯಾಪಾರದ ಸಿರಿವಂತ ಕುಟುಂಬ, ಅಣ್ಣ ತಮ್ಮಂದಿರ ಜಗಳ, ಕುಡಿಯುವ ಸೊಸೆ, ಮೋಸ. ನಮಗೆ ಗೊತ್ತಿಲ್ಲದ್ದು ಏನೂ ಇಲ್ಲ. ಆಂಗ್ ಹೆಂಗಸರ ಪತ್ರಿಕೆಯೊಂದರಲ್ಲಿ ಸಣ್ಣ ಜಾಹೀರಾತು ಕೊಟ್ಟರು. ನನಗೆ ಈ ಸೀರಿಯಲ್ ಇಷ್ಟ, ಆದರೆ ಹಾಗಂದರೆ ಜನ ವಿಚಿತ್ರವಾಗಿ ನೋಡುತ್ತಾರೆ, ನಿಮಗೆ ಏನನ್ನಿಸುತ್ತದೆ ಬರೆಯಿರಿ ಅನ್ನೋದು ಅದರ ತಿರುಳು. 42 ಪತ್ರ ಬಂದವು. ಬರೆದವರಲ್ಲಿ ಹೆಚ್ಚಿನವರು ಹೆಂಗಸರೇ.

ಪತ್ರಗಳಲ್ಲಿ ಒಂದು ಗುಂಪು ಅದನ್ನು ದ್ವೇಷಿಸುತ್ತಿತ್ತು. ಅವರ ಮಾತು ನಿರರ್ಗಳ. ವ್ಯಾಪಾರಿ ಸರಕು, ಅಗ್ಗದ ಭಾವನೆ, ಹೆಂಗಸರನ್ನು ಕೀಳಾಗಿ ತೋರಿಸುತ್ತಾರೆ, ಎಲ್ಲವೂ ನಾಲಿಗೆ ತುದಿಯಲ್ಲಿತ್ತು. ಇನ್ನೊಂದು ಗುಂಪು ನಗಲೆಂದೇ ನೋಡುತ್ತಿತ್ತು. ಮೂರನೆಯ ಗುಂಪು ನಿಜಕ್ಕೂ ಪ್ರೀತಿಸುತ್ತಿತ್ತು. ಮಾತು ತಡವರಿಸಿದ್ದು ಇವರದ್ದೇ. ಯಾಕಿಷ್ಟ ಅಂತ ಹೇಳಲು ಹೊರಟು ಅರ್ಧಕ್ಕೆ ನಿಲ್ಲಿಸುವುದು, ತಾವೇ ಸಮರ್ಥನೆ ಕೊಟ್ಟುಕೊಳ್ಳುವುದು. ಬೈಯುವವರ ಹತ್ತಿರ ಸಿದ್ಧವಾದ ಸಿದ್ಧಾಂತ ಇತ್ತು. ಪ್ರೀತಿಸುವವರ ಹತ್ತಿರ ಪ್ರೀತಿ ಮಾತ್ರ ಇತ್ತು.

ಆಂಗ್ ಕಂಡ ಇನ್ನೊಂದು ಸಂಗತಿ ನನಗೆ ತುಂಬ ಮುಖ್ಯ. ಆ ಮನೆ, ಆ ಸಿರಿತನ ನಿಜವಲ್ಲ ಅಂತ ಪ್ರೇಕ್ಷಕರಿಗೆ ಗೊತ್ತಿತ್ತು. ಆದರೆ ಆ ದುಃಖ ನಿಜ ಅನ್ನಿಸುತ್ತಿತ್ತು. ನಮ್ಮಲ್ಲೂ ಹಾಗೇ. ಐದು ಕೇಜಿ ಒಡವೆ ಹಾಕಿಕೊಂಡು ಅಡುಗೆ ಮಾಡುವ ಅತ್ತೆ ಎಲ್ಲೂ ಇಲ್ಲ ಅಂತ ನೋಡುವ ಹೆಂಗಸಿಗೆ ಚೆನ್ನಾಗಿ ಗೊತ್ತು. ತುಂಬಿದ ಮನೆಯಲ್ಲಿ ತನ್ನ ಮಾತನ್ನು ಒಬ್ಬರೂ ನಂಬದ ಆ ಗಳಿಗೆ ಮಾತ್ರ ಅವಳಿಗೆ ಹೊಸದಲ್ಲ.

ನಗಲೆಂದು ನೋಡುವವರು ನಮ್ಮಲ್ಲಿ ಟ್ರೋಲ್ ಪೇಜ್‌ಗಳಲ್ಲಿ ಸಿಗುತ್ತಾರೆ. ಓದಿದ ಹುಡುಗರು, ಐಟಿಯವರು ಸೀರಿಯಲ್ ಕ್ಲಿಪ್ ಹಂಚಿಕೊಂಡು ನಗುತ್ತಾರೆ. ಪ್ರತಿ ಪಾತ್ರದ ಹೆಸರೂ ಗೊತ್ತು, ಹಿಂದಿನ ವಾರದ ಟ್ವಿಸ್ಟೂ ಗೊತ್ತು. ಅಷ್ಟು ಗಮನ ಕೊಟ್ಟು ನೋಡುವುದಕ್ಕೆ ನನ್ನ ಪ್ರಕಾರ ಇಷ್ಟ ಅಂತಲೇ ಹೆಸರು. ನಗು ಒಂದು ಅನುಮತಿ ಚೀಟಿ ಆಗಿದೆ, ಅಷ್ಟೆ.

ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯು 1979ರ ತಮ್ಮ ಕೃತಿಯಲ್ಲಿ ತೋರಿಸಿದ್ದೂ ಇದನ್ನೇ. ನಮಗೆ ಏನು ಇಷ್ಟ ಅನ್ನೋದು ನಾವು ಸಮಾಜದಲ್ಲಿ ಎಲ್ಲಿ ನಿಂತಿದ್ದೇವೆ ಅನ್ನೋದನ್ನು ಬೇರೆಯವರಿಗೆ ತಿಳಿಸುತ್ತದೆ. ಹಾಗಾಗಿ ಎಲ್ಲರೆದುರು ಒಪ್ಪಿಕೊಳ್ಳುವ ರುಚಿಯನ್ನು ಜನ ಆರಿಸಿಕೊಳ್ಳುತ್ತಾರೆ. ಬೆಂಗಳೂರಿನ ಆಫೀಸಿನಲ್ಲಿ ಕೊರಿಯನ್ ಡ್ರಾಮಾ ನೋಡುತ್ತೇನೆ ಅಂದರೆ ಕಣ್ಣು ಅರಳುತ್ತದೆ. ಅದರಲ್ಲೂ ಬಡ ಹುಡುಗಿ, ಸಿರಿವಂತ ಹುಡುಗ, ಲಕೋಟೆಯಲ್ಲಿ ದುಡ್ಡು ಕೊಟ್ಟು ದೂರ ಹೋಗು ಅನ್ನುವ ಹುಡುಗನ ಅಮ್ಮ ಇರುತ್ತಾರೆ. ಕನ್ನಡ ಸೀರಿಯಲ್ ಅಂದರೆ ಮಾತ್ರ ಮಾತು ಬದಲಾಗುತ್ತದೆ.

ಗುರುವಾರದ ಲೆಕ್ಕ

ಈಗ ತಾಳಿ ಕಟ್ಟಲು ಎರಡು ವಾರ ಯಾಕೆ ಅನ್ನೋದಕ್ಕೆ ಬರೋಣ. ಪ್ರೇಕ್ಷಕರ ಲೆಕ್ಕ ಹಾಕುವುದು ಬಾರ್ಕ್ ಅನ್ನುವ ಸಂಸ್ಥೆ. 2015ರಿಂದ ಅದರ ರೇಟಿಂಗ್ ಬರುತ್ತಿದೆ. ದೇಶದಲ್ಲಿ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಅದರ ಮೀಟರ್ ಇದೆ. ಚಾನೆಲ್‌ಗಳು ತಮ್ಮ ಕಾರ್ಯಕ್ರಮದ ಆಡಿಯೊದಲ್ಲಿ ಕಿವಿಗೆ ಕೇಳದ ಒಂದು ಗುರುತು ಸೇರಿಸಿರುತ್ತವೆ, ಮೀಟರ್ ಅದನ್ನು ಹಿಡಿಯುತ್ತದೆ. ಮನೆಯ ಪ್ರತಿಯೊಬ್ಬರಿಗೂ ರಿಮೋಟ್‌ನಲ್ಲಿ ಒಂದೊಂದು ಬಟನ್. ಟಿವಿ ಮುಂದೆ ಕೂತವರು ತಮ್ಮ ತಮ್ಮ ಬಟನ್ ಒತ್ತಬೇಕು. ವಾರದ ಲೆಕ್ಕ ಗುರುವಾರ ಹೊರಗೆ ಬರುತ್ತದೆ. ಸೀರಿಯಲ್ ಮಾಡುವವರ ನಿದ್ದೆ ಕೆಡಿಸುವುದು ಈ ಗುರುವಾರವೇ.

ಟಿಆರ್‌ಪಿ ಏರಿದರೆ ಆ ಟ್ರ್ಯಾಕ್ ಉದ್ದವಾಗುತ್ತದೆ. ಇಳಿದರೆ ಮದುವೆ, ಅಪಘಾತ, ಹೊಸ ವಿಲನ್, ಒಂದು ಗಂಟೆಯ ಮಹಾಸಂಚಿಕೆ. ಎರಡು ಸೀರಿಯಲ್ ಸೇರಿಸಿ ಮಹಾಸಂಗಮ. ತಾಳಿ ಕಟ್ಟುವ ದೃಶ್ಯ ಎರಡು ವಾರ ಎಳೆದರೆ ಎರಡು ಗುರುವಾರ ದಾಟಿದ ಹಾಗೆ. ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕಬಾರದು ಅಂತ ಕೇಬಲ್ ಟಿವಿ ನಿಯಮ ಇದೆ. ಆ ಸೀಮಿತ ನಿಮಿಷಗಳಿಗೆ ಎಷ್ಟು ಬೆಲೆ ಬರುತ್ತದೆ ಅನ್ನೋದು ಈ ಲೆಕ್ಕದ ಮೇಲೆ ನಿಂತಿದೆ.

ಇಡೀ ವ್ಯವಸ್ಥೆಯಲ್ಲಿ ಪ್ರೇಕ್ಷಕರನ್ನು ಕೇಳುವ ಪ್ರಶ್ನೆ ಒಂದೇ: ನೋಡಿದಿರಾ, ಇಲ್ಲವಾ? ಇಷ್ಟ ಆಯ್ತಾ, ನೋವಾಯ್ತಾ, ನಿಮ್ಮ ಮಗಳ ಮುಂದೆ ಇದನ್ನು ನೋಡುವಾಗ ಹೇಗನ್ನಿಸಿತು ಅಂತ ಕೇಳುವ ಬಟನ್ ರಿಮೋಟ್‌ನಲ್ಲಿಲ್ಲ. ಆ ಉತ್ತರ ಬಾಯಿಂದಲೇ ಬರಬೇಕು. ನೋಡುವವರೇ ‘ನಾನು ನೋಡಲ್ಲ’ ಅಂದುಬಿಟ್ಟರೆ ಅದನ್ನು ಹೇಳುವವರು ಯಾರು?

ಈ ಮೌನದಿಂದ ಏನೇನು ಆರಾಮಾಗಿ ನಡೆಯುತ್ತಿದೆ ನೋಡಿ. ಕಪ್ಪು ಬಣ್ಣದ ನಾಯಕಿ ಬೇಕೆಂದರೆ ಬಿಳಿ ಬಣ್ಣದ ನಟಿಗೆ ಕಪ್ಪು ಮೇಕಪ್ ಬಳಿಯುತ್ತಾರೆ. ಕಪ್ಪಗಿರುವ ಎಷ್ಟೋ ಒಳ್ಳೆಯ ನಟಿಯರು ಹೊರಗೇ ಉಳಿಯುತ್ತಾರೆ. ಗಂಡ ಹೆಂಡತಿಯ ಕೆನ್ನೆಗೆ ಹೊಡೆಯುವುದನ್ನು ಪ್ರೋಮೊದಲ್ಲಿ ಮೂರು ಸಲ ತೋರಿಸುತ್ತಾರೆ. ಉತ್ತರ ಕರ್ನಾಟಕದ ಮಾತು ಹೆಚ್ಚಿನ ಕಡೆ ಅಡುಗೆ ಭಟ್ಟನ ಬಾಯಲ್ಲೋ ಕಾಮಿಡಿ ಪಾತ್ರದ ಬಾಯಲ್ಲೋ ಇರುತ್ತದೆ, ನಾಯಕ ನಾಯಕಿ ಬೆಂಗಳೂರು ಮೈಸೂರಿನ ಕನ್ನಡ ಆಡುತ್ತಾರೆ. ಜನಕ್ಕೆ ಬೇಕಿರುವುದೇ ಇದು ಅಂತ ಹೇಳಿಬಿಡುವುದು ಸುಲಭ. 2025ರ ಜನವರಿಯಲ್ಲಿ ಬಿಗ್ ಬಾಸ್ ಹನ್ನೊಂದನೇ ಸೀಸನ್ ಗೆದ್ದವರು ಹಾವೇರಿ ಜಿಲ್ಲೆಯ ಹನುಮಂತ. ತಮ್ಮೂರಿನ ಮಾತನ್ನು ಒಂಚೂರೂ ಬದಲಿಸಿಕೊಳ್ಳದೆ ಆಡಿದವರು. ಜನ ಮನಸಾರೆ ವೋಟ್ ಹಾಕಿದರು. ಹಾಗಾದರೆ ಆ ಮಾತಾಡುವ ನಾಯಕ ನಮ್ಮ ಸೀರಿಯಲ್‌ಗಳಲ್ಲಿ ಯಾಕಿಲ್ಲ?

ಅದೇ ಸೀಸನ್‌ನ ಶುರುವಿನಲ್ಲಿ ಮನೆಯನ್ನು ಸ್ವರ್ಗ, ನರಕ ಅಂತ ಎರಡು ಭಾಗ ಮಾಡಿದ್ದರು. ನರಕದಲ್ಲಿದ್ದ ಸ್ಪರ್ಧಿಗಳ ಊಟ, ಖಾಸಗಿತನದ ಬಗ್ಗೆ ದೂರು ಬಂದು ರಾಜ್ಯ ಮಹಿಳಾ ಆಯೋಗ ಪೊಲೀಸರಿಗೆ ಪತ್ರ ಬರೆಯಿತು. ಸ್ವಲ್ಪ ದಿನದಲ್ಲೇ ಆ ವಿಂಗಡಣೆ ಹೋಯಿತು. 2025ರ ಅಕ್ಟೋಬರ್‌ನಲ್ಲಿ ಬಿಡದಿಯಲ್ಲಿ ಬಿಗ್ ಬಾಸ್ ಮನೆ ಇದ್ದ ಸ್ಟುಡಿಯೊಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂಚನೆಯಂತೆ ಬೀಗ ಬಿತ್ತು. ಬೇಕಾದ ಅನುಮತಿ ಇಲ್ಲ, ಕೊಳಚೆ ನೀರನ್ನು ಶುದ್ಧ ಮಾಡದೆ ಬಿಡಲಾಗುತ್ತಿದೆ ಅನ್ನೋದು ಮಂಡಳಿಯ ಆಕ್ಷೇಪ. ಸ್ಪರ್ಧಿಗಳನ್ನು ಹತ್ತಿರದ ರೆಸಾರ್ಟ್‌ಗೆ ಸಾಗಿಸಿದರು. ಕೊಳಚೆ ನೀರು ಎಲ್ಲಿಗೆ ಹೋಗುತ್ತಿತ್ತು, ಸುತ್ತಲಿನ ಊರಿನವರಿಗೆ ಏನಾಗಿತ್ತು ಅನ್ನೋದಕ್ಕಿಂತ ಶೋ ಯಾವಾಗ ಶುರುವಾಗುತ್ತೆ ಅನ್ನೋ ಮಾತೇ ಎಲ್ಲ ಕಡೆ ಜೋರಾಗಿತ್ತು. ಮನರಂಜನೆ ತಾನೇ, ಅದರಲ್ಲೇನು ಗಂಭೀರ ಅನ್ನೋ ಭಾವನೆ ಇಂಥ ಪ್ರಶ್ನೆಗಳನ್ನೂ ಹಗುರ ಮಾಡಿಬಿಡುತ್ತದೆ.

ಫೋನ್‌ಗೆ ಬಂದ ಮೇಲೆ

ಇಯರ್‌ಫೋನ್ ಬಂದ ಮೇಲೆ ಸಂಕೋಚಕ್ಕೆ ಬಾಗಿಲು ಹಾಕಿದ ಕೋಣೆ ಸಿಕ್ಕಿದೆ. ಮೆಟ್ರೊದಲ್ಲಿ, ಪಿಜಿ ಹಾಸಿಗೆಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡ ಮನೆಗಳಲ್ಲಿ ಕೂಡ ಸೀರಿಯಲ್ ಈಗ ಆ್ಯಪ್‌ನಲ್ಲಿ ಓಡುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಇದರ ಬೆನ್ನಿಗೇ ಬಂದಿದೆ ಮೈಕ್ರೋ ಡ್ರಾಮಾ. ಚೀನಾದಲ್ಲಿ ದೊಡ್ಡ ಉದ್ಯಮವಾಗಿ ಬೆಳೆದ ಈ ರೂಪ ಈಗ ಭಾರತದ ಭಾಷೆಗಳಲ್ಲೂ ಇದೆ. ಫೋನನ್ನು ಉದ್ದಕ್ಕೆ ಹಿಡಿದೇ ನೋಡುವಂಥದ್ದು. ಒಂದು ಕಂತು ಒಂದೆರಡು ನಿಮಿಷ. ಸಿರಿವಂತ ಗಂಡ, ಅವಮಾನ, ಸೇಡು, ಎಲ್ಲ ಆ ಒಂದು ನಿಮಿಷದಲ್ಲೇ. ಮೊದಲ ಕೆಲವು ಕಂತು ಪುಕ್ಕಟೆ, ಕುತೂಹಲ ಕುದಿಯುವ ಹೊತ್ತಿಗೆ ದುಡ್ಡು ಕೇಳುತ್ತದೆ. ಕೆಲವು ಆ್ಯಪ್‌ಗಳು ಒಂದೆರಡು ರೂಪಾಯಿಗೆ ಟ್ರಯಲ್ ಕೊಟ್ಟು, ಆಮೇಲೆ ಆಟೋಪೇ ಮೂಲಕ ಪೂರ್ತಿ ಮೊತ್ತ ಕಳೆಯುತ್ತವೆ.

ಇಲ್ಲಿ ಮುಚ್ಚಿಡುವುದಕ್ಕೆ ನೇರ ಬೆಲೆ ಇದೆ. ಹಾಲ್‌ನಲ್ಲಿ ನಾಲ್ಕು ಜನರ ಜೊತೆ ನೋಡುವ ಸೀರಿಯಲ್‌ಗೆ ‘ಏನಿದು ಕರ್ಮ’ ಅಂತ ಒಬ್ಬರು ಬೈಯುತ್ತಾರೆ, ಇನ್ನೊಬ್ಬರು ‘ಅವಳು ತಿರುಗಿಸಿ ಕೇಳಬೇಕಿತ್ತು’ ಅನ್ನುತ್ತಾರೆ, ಒಂದು ಚರ್ಚೆ ಆಗುತ್ತದೆ. ಒಬ್ಬರೇ ನೋಡುವ ಕಂತಿಗೆ ಎದುರು ಮಾತಿಲ್ಲ. ದುಡ್ಡು ಕಟ್ಟಾಗಿದ್ದನ್ನು ಮನೆಯಲ್ಲಿ ಹೇಳಲೂ ನಾಚಿಕೆ. ನೋಡಿದ್ದೇ ಗುಟ್ಟು, ಅದಕ್ಕೆ ದುಡ್ಡು ಕೊಟ್ಟಿದ್ದು ಅದಕ್ಕಿಂತ ಗುಟ್ಟು. ಅಮ್ಮಂದಿರ, ಅಜ್ಜಿಯರ ಫೋನ್‌ನಲ್ಲಿ ಇಂಥ ಆಟೋಪೇ ಇದೆಯಾ ಅಂತ ಬೈಯದೆ, ನಗದೆ ಕೇಳುವವರು ಮನೆಗೊಬ್ಬರು ಬೇಕು.

ಬಾಯಿ ಬಿಟ್ಟರೆ ಏನಾದರೂ ಆಗುತ್ತಾ?

ಆಗುತ್ತದೆ. 2017ರಲ್ಲಿ ಸೋನಿ ಟಿವಿಯ ಹಿಂದಿ ಸೀರಿಯಲ್ ಒಂದರಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗನಿಗೂ 18 ವರ್ಷದ ಹುಡುಗಿಗೂ ಮದುವೆ ಮಾಡಿದ್ದರು. ಆನ್‌ಲೈನ್ ಮನವಿಗೆ ಒಂದು ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಚಾನೆಲ್‌ಗಳೇ ಮಾಡಿಕೊಂಡಿರುವ ದೂರು ಮಂಡಳಿ ಅದನ್ನು ರಾತ್ರಿ ತಡವಾದ ಹೊತ್ತಿಗೆ ಸರಿಸಲು ಹೇಳಿತು. ಆಗಸ್ಟ್ ಕೊನೆಗೆ ಚಾನೆಲ್ ಸೀರಿಯಲ್ಲನ್ನೇ ನಿಲ್ಲಿಸಿತು. 2021ರಲ್ಲಿ ಕೇಬಲ್ ಟಿವಿ ನಿಯಮಕ್ಕೆ ತಿದ್ದುಪಡಿ ಬಂತು. ಈಗ ಪ್ರೇಕ್ಷಕರು ದೂರು ಕೊಟ್ಟರೆ ಚಾನೆಲ್ 24 ಗಂಟೆಯೊಳಗೆ ಅದು ತಲುಪಿದೆ ಅಂತ ಹೇಳಬೇಕು, 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಅದು ಒಪ್ಪಿಗೆ ಆಗದಿದ್ದರೆ ಮೇಲಿನ ಮಂಡಳಿಗೆ ಹೋಗಬಹುದು. ಈ ದಾರಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ದೂರಿನ ಮೊದಲ ಸಾಲೇ ‘ನಾನು ಈ ಸೀರಿಯಲ್ ನೋಡುತ್ತೇನೆ’ ಅಂತ ಬರೆಯಬೇಕಲ್ಲ, ಕೈ ಅಲ್ಲೇ ನಿಂತುಬಿಡುತ್ತದೆ.

ದೂರಿಗಿಂತ ದೊಡ್ಡ ಕೊರತೆ ವಿಮರ್ಶೆಯದ್ದು. ಶುಕ್ರವಾರ ಬಿಡುಗಡೆಯಾಗುವ ಸಿನಿಮಾಗೆ, ಐವತ್ತು ಜನ ನೋಡದಿದ್ದರೂ, ಪತ್ರಿಕೆಯಲ್ಲಿ ವಿಮರ್ಶೆ ಬರುತ್ತದೆ. ದಿನಾ ಲಕ್ಷಾಂತರ ಮನೆ ತಲುಪುವ ಸೀರಿಯಲ್‌ಗೆ ಸಿಗುವುದು ನಟಿಯ ಸೀರೆಯ ಫೋಟೊ, ಮದುವೆ ಸುದ್ದಿ, ಟಿಆರ್‌ಪಿ ಪಟ್ಟಿ. ಕಥೆಯ ಬಗ್ಗೆ ಬರೆಯುವವರಿಲ್ಲ. ಕಿರುತೆರೆಯಲ್ಲಿ ಒಳ್ಳೆಯ ಬರವಣಿಗೆ ಮಾಡಿದವರನ್ನು ಗುರುತಿಸಿ ಹೇಳುವವರೂ ಇಲ್ಲ. ದಿನಕ್ಕೊಂದು ಕಂತು ತುಂಬಿಸಲು ರಾತ್ರಿ ಕೂತು ಸಂಭಾಷಣೆ ಬರೆಯುವವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಒಂದು ಕನ್ನಡ ಪತ್ರಿಕೆ ವಾರಕ್ಕೆ ಅರ್ಧ ಪುಟ ಕೊಟ್ಟರೂ ಸಾಕು. ಈ ವಾರ ಸೊಸೆಯ ಪಾತ್ರ ಯಾಕೆ ತನ್ನ ಸ್ವಭಾವಕ್ಕೆ ವಿರುದ್ಧವಾಗಿ ನಡೆದುಕೊಂಡಿತು, ಯಾವ ನಟಿ ಒಂದೇ ನೋಟದಲ್ಲಿ ಇಡೀ ದೃಶ್ಯ ಎತ್ತಿಹಿಡಿದಳು, ಯಾವ ಹಾಸ್ಯ ಜಾತಿಯನ್ನು ಆಡಿಕೊಂಡಿತು, ಯಾವ ಸಂಭಾಷಣೆ ನಿಜಕ್ಕೂ ಚೆನ್ನಾಗಿತ್ತು ಅಂತ ಬರೆಯಲಿ. ಬರೆಯುವವರು ಪ್ರತಿ ಕಂತು ನೋಡಿರಬೇಕು, ನೋಡಿದ್ದೇನೆ ಅಂತ ಹೆಸರು ಹಾಕಿ ಬರೆಯಬೇಕು. ಮನೆಯಲ್ಲಿ ದಿನಾ ಎಂಟೂವರೆಗೆ ಸೀರಿಯಲ್ ಹಾಕುವ ಹೆಂಗಸರಲ್ಲೇ ಅಂಥವರು ಎಷ್ಟೋ ಜನ ಇದ್ದಾರೆ. ಯಾವ ಪಾತ್ರ ಎಲ್ಲಿ ದಾರಿ ತಪ್ಪಿತು ಅಂತ ಅವರನ್ನು ಕೇಳಿ ನೋಡಿ, ಕಂತು ಸಮೇತ ಹೇಳುತ್ತಾರೆ.